ಹಾವಿನ ಹೊಟ್ಟೆ ನೋಡದ ಐವತ್ತು ವರ್ಷ

ರಾಯಚೂರು ಪಕ್ಕದ ಚಂದ್ರಬಂಡದ ಬಂಡೆಗಳ ಮೇಲೆ ಬೇಸಿಗೆಯಲ್ಲಿ ಬೆಳಗಿನ ಏಳಕ್ಕೆ ಕಾಣುವ ಓತಿಕ್ಯಾತ ಹತ್ತಕ್ಕೆ ಕಾಣುವುದಿಲ್ಲ. ಹೊಲದ ಬದುವಿನಲ್ಲಿ ಕೂತು ನೋಡಿದವರಿಗೆ ಅದರ ದಿನಚರಿ ಗೊತ್ತು. ಮೊದಲು ಬಂಡೆಯ ಮೂಡಣ ಮಗ್ಗುಲಿಗೆ ಹೊಟ್ಟೆ ಒತ್ತಿ ಮಲಗುತ್ತದೆ. ಮೈ ಕಾದ ಮೇಲೆ ಮುಂಗಾಲು ನಿಗುರಿಸಿ ಎದೆ ಎತ್ತುತ್ತದೆ, ಇರುವೆ ಬಂದರೆ ನಾಲಿಗೆ ಚಾಚುತ್ತದೆ. ಕಲ್ಲು ಸುಡತೊಡಗಿದಾಗ ಒಂದೊಂದೇ ಕಾಲು ಎತ್ತಿಡುತ್ತ ಕೊನೆಗೆ ಸಂದಿಗೆ ಸರಿದುಬಿಡುತ್ತದೆ. ಮತ್ತೆ ಹಾಜರಾಗುವುದು ಸಂಜೆ ಐದರ ಮೇಲೆ. ರಾಯಚೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವು ನಮ್ಮನ್ನೇ ಗೇಲಿ ಮಾಡಿಕೊಳ್ಳುತ್ತೇವೆ. ಓತಿಕ್ಯಾತನಿಗೆ ಅದು ಗೇಲಿಯ ಮಾತಲ್ಲ. ತಿಂದದ್ದು ಅರಗುವುದು, ಗಾಯ ಮಾಯುವುದು, ಹತ್ತಿದ ರೋಗ ಇಳಿಯುವುದು, ಎಲ್ಲವೂ ಬೆಳಗಿನ ಆ ಮೂರು ತಾಸಿನ ಬಿಸಿಲಿನ ಮೇಲೆ ನಿಂತಿದೆ.

ನಮ್ಮ ಪತ್ರಿಕೆಯ ಸಿಂಹಾವಲೋಕನಕ್ಕೆ ಈ ಸಲ ಹಲ್ಲಿ, ಹಾವು, ಆಮೆ, ಮೊಸಳೆಗಳನ್ನು ಹಿಡಿದುಕೊಂಡದ್ದಕ್ಕೆ ಒಂದು ಇಸವಿ ಕಾರಣ. 1975ರಲ್ಲಿ ಭಾರತ ಸರ್ಕಾರ ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆ ಸಂರಕ್ಷಣಾ ಯೋಜನೆ ಆರಂಭಿಸಿತು. ಅದೇ ವರ್ಷ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗುವಾನಾ ಎಂಬ ಹಲ್ಲಿಗೆ ಜ್ವರ ಬರಿಸಿದ ಪ್ರಯೋಗವನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕ ಸರ್ಕಾರ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿತು. ಮಕ್ಕಳು ಅವನ್ನು ಕೈಯಲ್ಲಿ ಹಿಡಿದು, ಬಾಯಿಗಿಟ್ಟು, ವಾಂತಿಭೇದಿ ಹಚ್ಚಿಕೊಳ್ಳುತ್ತಿದ್ದರು. ಮೂರಕ್ಕೂ ಒಂದಕ್ಕೊಂದು ನಂಟಿರಲಿಲ್ಲ. ಈಗ ಹಿಂತಿರುಗಿ ನೋಡಿದರೆ ಮೊಸಳೆ ಯೋಜನೆ ತಲೆ ಎಣಿಸಿತು, ಇಗುವಾನಾ ಪ್ರಯೋಗ ಮೈಯ ಬಿಸಿ ಅಳೆಯಿತು, ಆಮೆಯ ಕಾಯಿದೆ ಅದರ ಹೊಟ್ಟೆಯಲ್ಲಿರುವುದಕ್ಕೆ ಹೆದರಿತು. ತಲೆ ಎಣಿಸುವುದರಲ್ಲಿ ನಾವು ಪಾಸಾಗಿದ್ದೇವೆ. ಹೊಟ್ಟೆಯ ವಿಷಯದಲ್ಲಿ ಐವತ್ತು ವರ್ಷವಾದರೂ ಹೆದರಿಕೆಯಿಂದ ಒಂದು ಹೆಜ್ಜೆ ಮುಂದೆ ಹೋಗಿಲ್ಲ.

ಕ್ಲೂಗರ್ ಮಾಡಿದ್ದು ಸರಳ ಕೆಲಸ. ಹಲ್ಲಿಗಳಿಗೆ ಏರೊಮೊನಾಸ್ ಎಂಬ ರೋಗದ ಬ್ಯಾಕ್ಟೀರಿಯಾ ಚುಚ್ಚಿ, ಅವನ್ನು 34ರಿಂದ 42 ಡಿಗ್ರಿಯವರೆಗೆ ಬೇರೆ ಬೇರೆ ಬಿಸಿಯ ಕೋಣೆಗಳಲ್ಲಿಟ್ಟರು. ಕೋಣೆ ತಣ್ಣಗಿದ್ದಷ್ಟೂ ಸಾವು ಹೆಚ್ಚಾಯಿತು, ಬಿಸಿ ಇದ್ದಷ್ಟೂ ಬದುಕಿದವು ಹೆಚ್ಚಾದವು. ಬಿಸಿ ತಂಪು ಎರಡೂ ಇರುವ ಆವರಣಕ್ಕೆ ಬಿಟ್ಟ ಸೋಂಕಿನ ಹಲ್ಲಿ ತಾನಾಗಿಯೇ ಹೋಗಿ ಎರಡು ಡಿಗ್ರಿ ಹೆಚ್ಚು ಬಿಸಿ ಇರುವಲ್ಲಿ ಕೂರುತ್ತಿತ್ತು. ನಮಗೆ ಜ್ವರ ಒಳಗಿಂದ ಬರುತ್ತದೆ, ಅದು ಹೊರಗೆ ಹೋಗಿ ಜ್ವರ ತಂದುಕೊಳ್ಳುತ್ತದೆ. ಮರುವರ್ಷ ಅದೇ ತಂಡ ಸೋಂಕಿನ ಹಲ್ಲಿಗಳಿಗೆ ಜ್ವರ ಇಳಿಸುವ ಔಷಧ ಕೊಟ್ಟು ನೋಡಿತು. ಜ್ವರ ಬರದೇ ಹೋದ ಹಲ್ಲಿಗಳು ಸತ್ತವು. ಮೈ ಸ್ವಲ್ಪ ಬಿಸಿಯಾದ ಕೂಡಲೇ ಗುಳಿಗೆ ನುಂಗುವ ನಮ್ಮ ಮನೆಗಳಲ್ಲಿ ಈ ಪ್ರಯೋಗದ ಕಥೆ ಹೇಳಿದರೆ ಯಾರೂ ನಂಬುವುದಿಲ್ಲ.

ಬಿಸಿಲು ಅರ್ಧ ಕಥೆ. ಉಳಿದರ್ಧ ಹೊಟ್ಟೆಯೊಳಗಿದೆ. ನಮ್ಮ ಕುತ್ತಿಗೆಯಲ್ಲೂ ಕಂಕುಳಲ್ಲೂ ಸೋಂಕು ಬಂದಾಗ ಗಂಟುಕಟ್ಟುವ ದುಗ್ಧಗ್ರಂಥಿಗಳು ಹಾವು, ಹಲ್ಲಿ, ಆಮೆಗಳಿಗೆ ಇಲ್ಲ. ಇರುವುದು ಗುಲ್ಮ, ಎಳೆತನದ ಥೈಮಸ್ ಗ್ರಂಥಿ, ಮತ್ತು ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಗುಂಪುಗೂಡಿದ ಬಿಳಿರಕ್ತಕಣಗಳು. ನಮ್ಮ ಮೈ ಒಂದೆರಡು ವಾರದಲ್ಲಿ ತಯಾರಿಸುವ ಪ್ರತಿಕಾಯಗಳಿಗೆ ಅವುಗಳ ಮೈ ಹಲವು ವಾರ ತೆಗೆದುಕೊಳ್ಳುತ್ತದೆ, ಚಳಿಗಾಲದಲ್ಲಿ ಇನ್ನೂ ನಿಧಾನ. ಅಲ್ಲಿಯವರೆಗೆ ಬಾಗಿಲು ಕಾಯಬೇಕಾದವರು ಯಾರು? ಕರುಳಿನಲ್ಲಿ ಆಗಲೇ ಜಾಗ ಹಿಡಿದು ಕೂತಿರುವ ಬ್ಯಾಕ್ಟೀರಿಯಾ. ತುಂಬಿದ ಬಸ್ಸಿನಲ್ಲಿ ಹೊಸಬರಿಗೆ ಸೀಟು ಸಿಗುವುದಿಲ್ಲ. ಹಳೆಯವು ಜಾಗ ಬಿಡದೆ, ತಿನಿಸು ಬಿಡದೆ, ತಮ್ಮದೇ ಆಮ್ಲ ಸುರಿಸಿ ರೋಗದ ಜೀವಿಗಳನ್ನು ಹೊರಗೇ ನಿಲ್ಲಿಸುತ್ತವೆ. ಪಕ್ಕದಲ್ಲಿ ಕೂತ ಬಿಳಿರಕ್ತಕಣಗಳಿಗೆ ಯಾರು ನಮ್ಮವರು, ಯಾರು ಹೊರಗಿನವರು ಎಂಬ ಗುರುತು ಹಿಡಿಸುವ ಕೆಲಸದಲ್ಲೂ ಅವುಗಳ ಪಾಲಿದೆ. ಆ ಬಸ್ಸು ಖಾಲಿಯಾದರೆ ಹಲ್ಲಿ ಮೇಲುನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ, ಮೊದಲ ಸೋಂಕಿಗೆ ಬೀಳುತ್ತದೆ.

ಈ ಬಸ್ಸನ್ನು ನಾವೇ ಖಾಲಿ ಮಾಡುವ ಒಂದು ದಿನ ವರ್ಷಕ್ಕೊಮ್ಮೆ ಬರುತ್ತದೆ. ಎರಡು ವರ್ಷದ ಹಿಂದೆ ನಾಗರ ಪಂಚಮಿಯ ಮರುದಿನ, ಅಳ್ಳಿಟ್ಟು ಇನ್ನೂ ಮುಗಿದಿರಲಿಲ್ಲ, ಜೋಕಾಲಿ ಬಿಚ್ಚಿರಲಿಲ್ಲ, ಹಾವು ಹಿಡಿಯುವ ಹುಡುಗನೊಬ್ಬ ಚಂದ್ರಬಂಡದ ಬಸ್ ಸ್ಟಾಪಿನ ಹತ್ತಿರ ಬೈಕು ನಿಲ್ಲಿಸಿ ಕರೆದ. ಹ್ಯಾಂಡಲಿಗೆ ಬಟ್ಟೆಯ ಚೀಲ ತೂಗಿಬಿಟ್ಟಿದ್ದ.

"ಸರ, ಯಾರೋ ಬುಟ್ಯಾಗ ಇಟ್ಟು ಬಿಟ್ಟು ಹೋಗ್ಯಾರ್ರಿ. ಹಾಲು ಹಾಕ್ಯಾರ ಇದಕ್ಕ. ಮೂಗಿನ್ಯಾಗ ನೋಡ್ರಿ."

ನಾಗರಹಾವು. ಹೆಡೆ ಎತ್ತುವ ಕಸುವಿರಲಿಲ್ಲ. ಮೇಲ್ತುಟಿಯ ಎರಡೂ ಬದಿ ದಾರ ಹಾಕಿ ಬಿಚ್ಚಿದ ತೂತುಗಳು, ಒಳಗೆ ವಸಡು ಬಾತು ಬೆಳ್ಳಗೆ ಕೀವು ತುಂಬಿತ್ತು. ಉಸಿರಾಡಿದಾಗ ಮೂಗಿನ ತುದಿಯಲ್ಲಿ ಸಣ್ಣ ನೊರೆ ಬರುತ್ತಿತ್ತು. ಹೊಟ್ಟೆಯ ನಡುಭಾಗ ಮುಟ್ಟಿದರೆ ನೀರು ತುಂಬಿದ ಬಲೂನಿನ ಹಾಗೆ. ಹುಡುಗ ಅರಣ್ಯ ಇಲಾಖೆಯವರಿಗೆ ಫೋನು ಹಚ್ಚಿ ಒಪ್ಪಿಸಿದ. ಮೂರನೆಯ ದಿನ ಸತ್ತಿತೆಂದು ಅವನೇ ತಿಳಿಸಿದ.

ಹಬ್ಬಕ್ಕೆ ಮುಂಚೆ ಆಡಿಸುವವರು ಹಾವನ್ನು ದಿನಗಟ್ಟಲೆ ನೀರಿಲ್ಲದೆ ಇಡುತ್ತಾರೆ. ದಾಹಗೊಂಡ ಹಾವು ಮುಂದಿಟ್ಟದ್ದನ್ನು ಕುಡಿಯುತ್ತದೆ, ನೋಡುವವರಿಗೆ ನಾಗಪ್ಪ ಹಾಲು ಕುಡಿದನೆಂಬ ತೃಪ್ತಿ. ಹಾಲುಣಿಸಿ ಮರಿ ಸಾಕುವ ವಂಶವಲ್ಲ ಅದು. ಹಾಲಿನ ಸಕ್ಕರೆ ಒಡೆಯುವ ವ್ಯವಸ್ಥೆ ಅದರ ಕರುಳಿಗೆ ಬೇಕಾಗಿಯೇ ಇರಲಿಲ್ಲ. ಹೊಟ್ಟೆಗೆ ಹೋದದ್ದು ಹುಳಿಯುತ್ತದೆ, ಶ್ವಾಸನಾಳಕ್ಕೆ ಇಳಿದದ್ದು ನ್ಯುಮೋನಿಯಾ ತರುತ್ತದೆ.

ಹಾವಿನ ಕರುಳು ಎಷ್ಟು ನಾಜೂಕಾಗಿ ಹೊಂದಿಸಿಟ್ಟ ಯಂತ್ರವೆಂಬುದು ಬರ್ಮಾ ಹೆಬ್ಬಾವಿನಿಂದ ತಿಳಿದು ಬಂತು. ತಿಂಗಳು ಉಪವಾಸವಿದ್ದ ಹೆಬ್ಬಾವು ಇಲಿ ನುಂಗಿದ ಒಂದೆರಡು ದಿನದಲ್ಲಿ ಅದರ ಸಣ್ಣ ಕರುಳಿನ ತೂಕ ಇಮ್ಮಡಿಯಾಗುತ್ತದೆ, ಊಟ ಅರಗಿದ ಮೇಲೆ ಮತ್ತೆ ಕುಗ್ಗುತ್ತದೆ. ಇದನ್ನು ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ತೋರಿಸಿದ್ದರು. 2010ರಲ್ಲಿ ಎಲಿಜಬೆತ್ ಕಾಸ್ಟೆಲೊ ಮತ್ತು ಸಂಗಡಿಗರು ಅದೇ ಹೆಬ್ಬಾವಿನ ಕರುಳಿನ ಬ್ಯಾಕ್ಟೀರಿಯಾ ಎಣಿಸಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಉಪವಾಸದ ದಿನಗಳಲ್ಲಿ ಬ್ಯಾಕ್ಟೀರಾಯ್ಡಿಸ್ ಬಳಗದವು ಮೇಲುಗೈ, ಊಟ ಬಿದ್ದೊಡನೆ ಕ್ಲಾಸ್ಟ್ರಿಡಿಯಂ, ಲ್ಯಾಕ್ಟೊಬ್ಯಾಸಿಲಸ್ ಬಳಗದವು ಮುಂದೆ ಬರುತ್ತವೆ. ಮದುವೆ ಮನೆಯಲ್ಲಿ ಹಿಂದಿನ ದಿನದ ಜನ ಬೇರೆ, ಅಡಿಗೆ ದಿನದ ಜನ ಬೇರೆ, ಹಾಗೆ. ಎಲುಬು, ತೊಗಲು, ಕೂದಲು ಸಮೇತ ಒಂದು ಇಲಿ ಬರುತ್ತದೆಂದು ತಯಾರಾಗಿ ನಿಂತ ಈ ಪಾಳಿಯ ನಡುವೆ ನಾವು ಲೋಟ ಹಾಲು ಸುರಿಯುತ್ತೇವೆ. ಹುತ್ತಕ್ಕೆ ಎರೆಯುವುದು, ಕಲ್ಲಿನ ನಾಗಪ್ಪನಿಗೆ ಎರೆಯುವುದು ಅವರವರ ಮನೆತನದ ಭಕ್ತಿ, ಅದಕ್ಕೆ ನಮ್ಮ ತಕರಾರಿಲ್ಲ. ಬುಟ್ಟಿಯ ಹಾವಿಗೆ ಎರೆಯುವುದು ಮಾತ್ರ ಕೊಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಆ ಬುಟ್ಟಿಯೇ ಅಪರಾಧ.

ಮರಿಗಳಿಗೆ ಈ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತ್ತು. ಆಕಳ ಕರುವಾದರೆ ತಾಯಿಯನ್ನು ನೆಕ್ಕುತ್ತದೆ, ಮನುಷ್ಯನ ಕೂಸು ಹೆರಿಗೆಯ ದಾರಿಯಲ್ಲೇ ಪಡೆದುಕೊಳ್ಳುತ್ತದೆ. ಮೊಟ್ಟೆ ಇಟ್ಟು ಹೊರಟುಹೋಗುವ ತಾಯಿಯ ಮರಿ ಏನು ಮಾಡಬೇಕು? ಉತ್ತರ ಬಂದದ್ದು ಪನಾಮಾದ ಹಸಿರು ಇಗುವಾನಾಗಳಿಂದ. ಬರೀ ಎಲೆ ತಿಂದು ಬದುಕುವ ಈ ಪ್ರಾಣಿಗೆ ಎಲೆಯ ನಾರು ಹುಳಿಯಿಸಿ ಕೊಡುವ ಬ್ಯಾಕ್ಟೀರಿಯಾ ಇಲ್ಲದೆ ನಡೆಯುವುದಿಲ್ಲ. ಮೊಟ್ಟೆಯೊಡೆದ ಮರಿಗಳು ಮೊದಲು ಗೂಡಿನ ಮಣ್ಣು ತಿನ್ನುತ್ತವೆ. ಆಮೇಲೆ ಮರದ ತುದಿಗೆ ಹತ್ತಿ ದೊಡ್ಡವುಗಳ ಸಂಗಡ ಕೆಲವು ವಾರ ಇದ್ದು ಅವುಗಳ ಹಿಕ್ಕೆ ತಿನ್ನುತ್ತವೆ. ಹಾಗೆ ತಿನ್ನಲು ಸಿಗದ ಮರಿಗಳು ನಿಧಾನ ಬೆಳೆದವು. ಕ್ಯಾಥರಿನ್ ಟ್ರಾಯರ್ 1982ರಲ್ಲಿ ಇದನ್ನು ಬರೆದಾಗ ಹಿಕ್ಕೆ ತಿನ್ನುವುದು ಕೊಳಕುತನವಲ್ಲ, ಆಸ್ತಿ ಪಾಲು ಪಡೆಯುವ ರೀತಿ ಎಂಬುದು ಜಗತ್ತಿಗೆ ತಿಳಿಯಿತು. ನಮ್ಮ ದನದ ಡಾಕ್ಟರುಗಳಿಗೆ ಇದರಲ್ಲಿ ಅಚ್ಚರಿಯಿಲ್ಲ. ಮೇವು ಬಿಟ್ಟ ಎಮ್ಮೆಗೆ ಗಟ್ಟಿ ಎಮ್ಮೆಯ ಹೊಟ್ಟೆಯ ರಸ ಕುಡಿಸುವ ಚಿಕಿತ್ಸೆ ಅವರ ಪುಸ್ತಕದಲ್ಲೇ ಇದೆ.

ತಾಯಿ ಹೊರಟುಹೋಗುತ್ತದೆ ಎಂದೆವು. ಬರಿಗೈಯಲ್ಲಿ ಬಿಟ್ಟು ಹೋಗುವುದಿಲ್ಲ. ಅರಿಜೋನಾದ ಒಂದು ಬಗೆಯ ಹಲ್ಲಿಯಲ್ಲಿ, ಮೊಟ್ಟೆ ಹೊರಬರುವಾಗ ತಾಯಿಯ ಮಲದ್ವಾರದ ಬ್ಯಾಕ್ಟೀರಿಯಾ ಚಿಪ್ಪಿನ ಮೇಲೆ ಅಂಟಿಕೊಂಡು ಮಣ್ಣಿನ ಶಿಲೀಂಧ್ರ ಹತ್ತದಂತೆ ಕಾಯುತ್ತವೆ ಎಂದು ಈಚಿನ ವರ್ಷಗಳಲ್ಲಿ ಕಂಡುಕೊಂಡರು. ನಮ್ಮ ಉಡ ಹುತ್ತವನ್ನು ಬಗೆದು ಒಳಗೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಆ ಹುತ್ತವನ್ನು ಜೆಸಿಬಿಯಲ್ಲಿ ಕೆಡವಿ ಹೊಲ ಸಮ ಮಾಡುವಾಗ ಮೊಟ್ಟೆ ಒಡೆಯುವುದು ಕಣ್ಣಿಗೆ ಕಾಣುತ್ತದೆ. ಒಡೆಯದೆ ಉಳಿದು ಬಿಸಿಲಿಗೆ, ಗಾಳಿಗೆ ಬಿದ್ದ ಮೊಟ್ಟೆಗೆ, ತಾಯಿ ಅಂಥದೊಂದು ಲೇಪ ಹಚ್ಚಿಕೊಟ್ಟಿದ್ದರೂ, ಅದು ಉಳಿಯಲಾರದು.

ಈಗ ಬಿಸಿಲಿಗೆ ಮರಳೋಣ, ಯಾಕೆಂದರೆ ಎರಡೂ ಕಥೆಗಳು ಕೂಡುವುದು ಅಲ್ಲಿ. ದಕ್ಷಿಣ ಫ್ರಾನ್ಸಿನಲ್ಲಿ ಎಲ್ವೈರ್ ಬೆಸ್ಟಿಯಾನ್ ಮತ್ತು ಸಂಗಡಿಗರು ಹಲ್ಲಿಗಳನ್ನು ಬಯಲು ಆವರಣಗಳಲ್ಲಿಟ್ಟು, ಕೆಲವು ಆವರಣಗಳಲ್ಲಿ ಹವೆಯನ್ನು ಎರಡು ಮೂರು ಡಿಗ್ರಿ ಹೆಚ್ಚಿಸಿದರು. ಬಿಸಿಯ ಆವರಣದ ಹಲ್ಲಿಗಳ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯ ಶೇ. 34ರಷ್ಟು ಕುಸಿಯಿತು. ವೈವಿಧ್ಯ ಕಡಿಮೆಯಾದ ಹಲ್ಲಿಗಳು ಮುಂದಿನ ವರ್ಷಕ್ಕೆ ಉಳಿಯುವ ಸಂಭವವೂ ಕಡಿಮೆಯಾಯಿತು. 2017ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ತಂಪು ದೇಶದ ಹಲ್ಲಿಯಿಂದ ತೆಗೆದು ರಾಯಚೂರಿನ ಓತಿಗೆ ಹಾಗೇ ಹಚ್ಚುವುದು ತಪ್ಪು. ನಮ್ಮದು ಬಿಸಿಲಿಗೇ ಹುಟ್ಟಿದ ಜಾತಿ. ಆದರೆ ಬಿಸಿಲಿಗೆ ಹುಟ್ಟಿದ ಜಾತಿಗೆ ಮೇಲಕ್ಕೆ ಹೋಗಲು ಜಾಗವೂ ಕಡಿಮೆ. ಜ್ವರಕ್ಕೆಂದು ಎರಡು ಡಿಗ್ರಿ ಏರಿಸಿಕೊಳ್ಳಬೇಕಾದ ಪ್ರಾಣಿ ಮೊದಲೇ ಸಾವಿನ ಅಂಚಿನ ಪಕ್ಕದಲ್ಲಿ ನಿಂತಿದ್ದರೆ ಆ ಎರಡು ಡಿಗ್ರಿ ಎಲ್ಲಿಂದ ತಂದೀತು? ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುವ ಊರಿನಲ್ಲಿ ಬೆಳಗಿನ ಮೂರು ತಾಸು ಎರಡು ತಾಸಾದರೆ ಊಟದ ಹೊತ್ತು ಹೋಗುತ್ತದೆ, ಅರಗುವ ಹೊತ್ತು ಹೋಗುತ್ತದೆ, ರೋಗ ಕಾಯಿಸಿಕೊಳ್ಳುವ ಹೊತ್ತೂ ಹೋಗುತ್ತದೆ.

ಹೊಟ್ಟೆಯ ಬ್ಯಾಕ್ಟೀರಿಯಾ ಎಂದರೆ ನಮ್ಮ ಜನಕ್ಕೆ ನೆನಪಾಗುವುದು ಒಂದೇ, ಸಾರಿನಲ್ಲಿ ಬಿದ್ದ ಹಲ್ಲಿ. ಮಾನ್ವಿ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ನಾವೇ ಇದ್ದ ಒಂದು ದಿನದ ಮಾತು. ಬೇಳೆಸಾರಿನ ಬೋಗುಣಿಯಲ್ಲಿ ಹಲ್ಲಿ ತೇಲಿತು. ಅಡಿಗೆಯ ಅಕ್ಕ ಚೀರಿದಳು. ಆಗಲೇ ಉಂಡಿದ್ದ ಹತ್ತಾರು ಮಕ್ಕಳಲ್ಲಿ ಒಬ್ಬಳು ವಾಂತಿ ಮಾಡಿಕೊಂಡಳು, ಅದನ್ನು ನೋಡಿ ಇನ್ನೊಬ್ಬ, ಅರ್ಧ ತಾಸಿನಲ್ಲಿ ಅರ್ಧ ಶಾಲೆ ನೆಲದ ಮೇಲಿತ್ತು. ಟೆಂಪೊದಲ್ಲಿ ತುಂಬಿ ಆಸ್ಪತ್ರೆಗೆ ಒಯ್ದರು. ಸಂಜೆಗೆ ಎಲ್ಲರೂ ಮನೆಗೆ ಬಂದರು, ಅಕ್ಕನ ಕೆಲಸ ಹೋಯಿತು.

ಹಲ್ಲಿಯಲ್ಲಿ ವಿಷವಿಲ್ಲ. ಅದರ ಚರ್ಮದಲ್ಲಿಲ್ಲ, ಬಾಲದಲ್ಲಿಲ್ಲ, ಮೂತ್ರದಲ್ಲಿಲ್ಲ. ಕರುಳಿನಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅನೇಕ ಸಲ ಇರುತ್ತದೆ. ಹಲ್ಲಿಗೆ ಅದರಿಂದ ತೊಂದರೆಯಿಲ್ಲ, ಅವೆರಡೂ ಬಹಳ ಹಿಂದೆಯೇ ರಾಜಿ ಮಾಡಿಕೊಂಡಿವೆ. ನಮಗೆ ತೊಂದರೆ. ಆದರೆ ಸಾಲ್ಮೊನೆಲ್ಲಾದ ವಾಂತಿಭೇದಿ ಕಾಣಿಸಿಕೊಳ್ಳಲು ಕಡಿಮೆಯೆಂದರೂ ಆರು ತಾಸು ಬೇಕು, ಬಹಳ ಸಲ ಒಂದು ದಿನ ಬೇಕು. ಕುದಿಯುವ ಸಾರಿನಲ್ಲಿ ಅದು ಕ್ಷಣವೂ ಉಳಿಯುವುದಿಲ್ಲ. ಉಂಡ ಹತ್ತು ನಿಮಿಷಕ್ಕೆ ಬಂದ ವಾಂತಿ ಹೆದರಿಕೆಯದು. ಹೆದರಿಕೆಯ ವಾಂತಿಯೂ ವಾಂತಿಯೇ, ಆ ಮಕ್ಕಳು ನಾಟಕ ಮಾಡಲಿಲ್ಲ, ಅವರನ್ನು ಆಸ್ಪತ್ರೆಗೆ ಒಯ್ದದ್ದು ಸರಿ. ಪಂಚಾಂಗದಲ್ಲಿ ಹಲ್ಲಿ ಎಲ್ಲಿ ಬಿದ್ದರೆ ಏನು ಫಲ ಎಂದು ತಲೆಯಿಂದ ಅಂಗಾಲಿನವರೆಗೆ ಪಟ್ಟಿ ಹಾಕಿಟ್ಟ ಸಮಾಜದಲ್ಲಿ ಅನ್ನದಲ್ಲಿ ಬಿದ್ದ ಹಲ್ಲಿ ಸುಮ್ಮನೆ ಹೋಗುವುದಿಲ್ಲ. ನಿಜವಾದ ಅಪಾಯ ಇರುವುದು ಬೇರೆ ಕಡೆ. ಒಲೆಯಿಂದ ಇಳಿಸಿ ಮುಚ್ಚಳವಿಲ್ಲದೆ ಇಟ್ಟ, ತಣ್ಣಗಾದ ಪಾತ್ರೆಯ ಮೇಲೆ ಗೋಡೆಯಿಂದ ಉದುರುವ ಕರಿ ಬಿಳಿ ಹಿಕ್ಕೆಯಲ್ಲಿ. ತೊಳೆದಿಟ್ಟ ತಟ್ಟೆಯ ಮೇಲೆ ರಾತ್ರಿ ಓಡಾಡಿದ ಹೆಜ್ಜೆಯಲ್ಲಿ. ಅದಕ್ಕೆ ಬೇಕಾದದ್ದು ಮುಚ್ಚಳ ಮತ್ತು ಸಾಬೂನು, ಎರಡೂ ಆ ಅಡಿಗೆಮನೆಯಲ್ಲಿ ಸಾಕಷ್ಟು ಇರಲಿಲ್ಲ. ಅವನ್ನು ಕೊಡದಿದ್ದವರ ಕೆಲಸ ಹೋಗಲಿಲ್ಲ.

1975ರ ಅಮೆರಿಕದ ಆಮೆ ನಿಷೇಧವೂ ಇದೇ ಸಾಲ್ಮೊನೆಲ್ಲಾದಿಂದ ಬಂದದ್ದು. ಆ ದಶಕದ ಆರಂಭದಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 2,80,000 ಪ್ರಕರಣಗಳು ಸಾಕು ಆಮೆಗಳಿಂದ ಬರುತ್ತಿದ್ದವೆಂದು ಅಂದಾಜು. ಸಾಕಣೆದಾರರು ಆಮೆ ಮೊಟ್ಟೆಗಳನ್ನು ಆಂಟಿಬಯಾಟಿಕ್‌ನಲ್ಲಿ ಅದ್ದಿ ತೆಗೆದು ಬ್ಯಾಕ್ಟೀರಿಯಾ ಇಲ್ಲದ ಆಮೆ ಮಾಡಲು ಹೊರಟರು. ಆದದ್ದು ಔಷಧಕ್ಕೆ ಬಗ್ಗದ ಸಾಲ್ಮೊನೆಲ್ಲಾ. ಆಮೆಯ ಹೊಟ್ಟೆಯನ್ನು ಸ್ವಚ್ಛ ಮಾಡಲಾಗುವುದಿಲ್ಲ, ಕೈಯನ್ನು ಮಾಡಬಹುದು. ಇಷ್ಟು ಸರಳ ಪಾಠಕ್ಕೆ ಅವರಿಗೆ ಹಲವು ವರ್ಷ ಹಿಡಿಯಿತು.

ನಮ್ಮಲ್ಲಿ ಆ ವ್ಯಾಪಾರದ ರೂಪವೇ ಬೇರೆ. ಮೈಮೇಲೆ ಹಳದಿ ನಕ್ಷತ್ರವಿರುವ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆಂಬ ನಂಬಿಕೆ, ಅದರ ಬೆನ್ನಿಗೆ ವಿದೇಶಕ್ಕೆ ಸಾಗಣೆ. 2019ರಲ್ಲಿ ನಕ್ಷತ್ರ ಆಮೆಯನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದ ಮೇಲೂ ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸು ತುಂಬ ಆಮೆ ಸಿಕ್ಕ ಸುದ್ದಿ ನಿಂತಿಲ್ಲ. ಹುಲ್ಲು, ಕಳ್ಳಿ, ಉದುರಿದ ಹೂವು ತಿಂದು ಹಿಂಗರುಳಿನಲ್ಲಿ ಹುಳಿಯಿಸುವ ಪ್ರಾಣಿ ಅದು. ಅದಕ್ಕೆ ಬ್ರೆಡ್ಡು, ಬೇಯಿಸಿದ ಅನ್ನ, ಟೊಮೆಟೊ ಹಾಕಿದರೆ ನಾರು ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ಹಿಡಿದ ಆಮೆಗಳನ್ನು ಫೋಟೊ ತೆಗೆಸಿ ಮರುವಾರವೇ ಕಾಡಿಗೆ ಬಿಡುವ ಆತುರ ನಮ್ಮ ವ್ಯವಸ್ಥೆಯಲ್ಲಿದೆ. ಬೇರೆ ಬೇರೆ ಊರಿನ ಆಮೆಗಳು ಒಂದೇ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಒಂದರ ಮೇಲೊಂದು ಮಲವಿಸರ್ಜಿಸಿ, ಒಂದರ ರೋಗ ಇನ್ನೊಂದಕ್ಕೆ ದಾಟಿದ ಮೇಲೆ ಅವು ಕಾಡಿಗೆ ಒಯ್ಯುವುದು ಬರೀ ತಮ್ಮನ್ನಲ್ಲ. ಈ ಐವತ್ತು ವರ್ಷದಲ್ಲಿ ಬಿಡುಗಡೆಯ ಎಣಿಕೆಯನ್ನೇ ಯಶಸ್ಸೆಂದು ಬರೆದದ್ದು ತಪ್ಪು. ನಾವು ಪತ್ರಿಕೆಯವರು ಆ ಫೋಟೊಗಳನ್ನು ಹಾಗೇ ಅಚ್ಚು ಹಾಕಿದ್ದೂ ತಪ್ಪು.

ಇನ್ನು ಮೊಸಳೆ. ಕೃಷ್ಣೆಯ ಈ ಭಾಗದಲ್ಲಿ, ನಾರಾಯಣಪುರದಿಂದ ಕೆಳಗೆ ದೇವದುರ್ಗದ ದಂಡೆ, ಶಕ್ತಿನಗರ, ಆಚೆಗೆ ಜುರಾಲಾ ಹಿನ್ನೀರು, ಎಲ್ಲ ಕಡೆ ಮಗ್ಗರ್ ಮೊಸಳೆ ಉಂಟು. ಮೋಟಾರು ಚಾಲೂ ಮಾಡಲು ದಂಡೆಗೆ ಇಳಿಯುವ ರೈತನಿಗೆ ಅದರ ಭಯ ಪುಸ್ತಕದ ಭಯವಲ್ಲ. ಅರಣ್ಯ ಇಲಾಖೆಯವರೇ ತಂದು ಬಿಟ್ಟಿದ್ದಾರೆ ಎಂಬ ಮಾತು ಹೋಟೆಲಿನಲ್ಲಿ ಕೇಳುತ್ತೇವೆ. ಅದು ಇಲ್ಲಿಯ ಹಳೆಯ ನಿವಾಸಿ. ಈ ಮೊಸಳೆ ಕೆಸರಿನಲ್ಲಿ ಇನ್ನೊಂದರ ಜತೆ ಕಾದಾಡಿ, ಕಾಲು ಹರಿದುಕೊಂಡು, ಹೊಲಸು ನೀರಿನಲ್ಲೇ ಮಲಗಿ, ಕೀವಾಗದೆ ಗಾಯ ಮಾಯಿಸಿಕೊಳ್ಳುವುದು ಹೇಗೆ? ಲೂಸಿಯಾನಾದ ಮಾರ್ಕ್ ಮರ್ಚಂಟ್ ಅಮೆರಿಕದ ಅಲಿಗೇಟರಿನ ರಕ್ತಸಾರವನ್ನು 23 ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಸುರಿದು ನೋಡಿದರು. ಎಲ್ಲವೂ ಸತ್ತವು. ಮನುಷ್ಯನ ರಕ್ತಸಾರಕ್ಕೆ ಸತ್ತದ್ದು ಎಂಟು. 2013ರಲ್ಲಿ ಅಲಿಗೇಟರಿನ ಕರುಳು ನೋಡಿದವರಿಗೆ ಇನ್ನೊಂದು ವಿಚಿತ್ರ ಸಿಕ್ಕಿತು. ನಮ್ಮ ಕರುಳಿನಲ್ಲಿ ಅಲ್ಪಸಂಖ್ಯಾತವಾಗಿರುವ ಫ್ಯುಸೋಬ್ಯಾಕ್ಟೀರಿಯಾ ಅಲ್ಲಿ ಬಹುಸಂಖ್ಯಾತ. ಮರುವರ್ಷ ಸತ್ತದ್ದನ್ನು ತಿನ್ನುವ ರಣಹದ್ದಿನ ಕರುಳಿನಲ್ಲೂ ಅದೇ ಬಳಗ ಹೇರಳವಾಗಿ ಕಂಡಿತು. ಕೊಳೆತದ್ದನ್ನೂ ತಿಂದು ಅರಗಿಸಿಕೊಳ್ಳುವವರ ಹೊಟ್ಟೆಗಳು ದೇಶ, ಜಾತಿ ಬೇರೆಯಾದರೂ ಒಂದೇ ಬಗೆಯ ಒಕ್ಕಲುಗಳನ್ನು ಇಟ್ಟುಕೊಂಡಿವೆ.

ಎಷ್ಟೇ ಗಟ್ಟಿ ಹೊಟ್ಟೆಯಾದರೂ ನಾವು ಹಾಕುವುದನ್ನು ತಿನ್ನಬೇಕಷ್ಟೆ. ಸಂಜೆ ಸೇತುವೆಯ ಮೇಲೆ ನಿಂತರೆ ಕಾಣುತ್ತದೆ. ಟಂಟಂ ನಿಲ್ಲುತ್ತದೆ, ಇಬ್ಬರು ಇಳಿದು ಕೋಳಿಯ ಪುಕ್ಕ, ಕರುಳು, ತಲೆ ತುಂಬಿದ ಗೊಬ್ಬರದ ಚೀಲ ಎತ್ತಿ ಕಟ್ಟೆಯಾಚೆ ಉರುಳಿಸುತ್ತಾರೆ. ಚೀಲ ನೀರಿಗೆ ಬೀಳುವ ಮೊದಲೇ ಹದ್ದುಗಳು ಸುತ್ತುತ್ತಿರುತ್ತವೆ. ಫಾರಂ ಕೋಳಿಗೆ ಬೆಳೆಯಲಿ ಎಂದು ಕೊಟ್ಟ ಔಷಧಗಳ ಪಾಲೂ, ಆ ಔಷಧಗಳನ್ನು ಗೆದ್ದ ಬ್ಯಾಕ್ಟೀರಿಯಾಗಳೂ ಆ ಕರುಳಿನಲ್ಲಿ ಇರುತ್ತವೆ. ಕೊನೆಯ ಅಸ್ತ್ರವೆಂದು ಆಸ್ಪತ್ರೆಗಳು ಕಾದಿಟ್ಟುಕೊಂಡ ಕೊಲಿಸ್ಟಿನ್ ಔಷಧವನ್ನು ಕೋಳಿ, ದನ, ಮೀನಿನ ಆಹಾರದಲ್ಲಿ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಕಾರಣಕ್ಕೇ. ಒಂದು ಬ್ಯಾಕ್ಟೀರಿಯಾ ಕಲಿತ ವಿದ್ಯೆ ಪಕ್ಕದ್ದಕ್ಕೆ ದಾಟುತ್ತದೆ. ಕೋಳಿಯಿಂದ ನೀರಿಗೆ, ನೀರಿನಿಂದ ಮೀನಿಗೆ, ಮೀನಿನಿಂದ ಮೊಸಳೆ, ನೀರಹಾವು, ಆಮೆಗಳ ಹೊಟ್ಟೆಗೆ ಹೋಗುವ ದಾರಿಯಲ್ಲಿ ಗೇಟುಗಳಿಲ್ಲ. ಕಲುಷಿತ ನೀರು ಕುಡಿದರೆ ಏನಾಗುತ್ತದೆ ಎಂಬುದನ್ನು ರಾಯಚೂರು ನಗರ 2022ರ ಬೇಸಿಗೆಯಲ್ಲಿ ಜೀವ ತೆತ್ತು ಕಲಿತಿದೆ. ಆಗ ನಾವು ಬೀದಿಗಿಳಿದು ಕೂಗಾಡಿದೆವು. ಹೊಳೆಯೊಳಗಿನವಕ್ಕೆ ಆ ಅನುಕೂಲವಿಲ್ಲ.

ಹಾವಿನ ಕಡತದಲ್ಲಿ ಈ ಐವತ್ತು ವರ್ಷದ ಗಳಿಕೆ ಸಣ್ಣದಲ್ಲ, ಅದನ್ನು ಹೇಳದಿದ್ದರೆ ಅನ್ಯಾಯ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂಬ ಅಂದಾಜು ಬಂದ ಮೇಲೆ ಸರ್ಕಾರಗಳು ಎಚ್ಚೆತ್ತವು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಭತ್ತದ ಗದ್ದೆ, ಹತ್ತಿ ಹೊಲಗಳ ಈ ಜಿಲ್ಲೆಗೆ ಅದು ದೊಡ್ಡ ಮಾತು. ಕಡಿತಕ್ಕೆ ಕೊಡುವ ಪ್ರತಿವಿಷ ಕುದುರೆಯ ರೋಗನಿರೋಧಕ ಶಕ್ತಿಯಿಂದ ಬರುತ್ತದೆ. ಕುದುರೆಗೆ ವಿಷ ಚುಚ್ಚಿ, ಅದರ ರಕ್ತ ತಯಾರಿಸಿದ ಪ್ರತಿಕಾಯ ತೆಗೆದು ನಮಗೆ ಕೊಡುತ್ತಾರೆ. ಕುದುರೆಯದನ್ನು ಇಷ್ಟು ವರ್ಷ ಬಳಸಿಕೊಂಡ ನಾವು ಹಾವಿನ ಸ್ವಂತ ರೋಗನಿರೋಧಕ ಶಕ್ತಿ ಹೇಗಿದೆ ಎಂದು ಕೇಳಲಿಲ್ಲ. ಕೇಳಿದರೆ ಕಡಿತದ ಚಿಕಿತ್ಸೆಗೂ ಉಪಯೋಗವಿದೆ. ಹಾವಿನ ಬಾಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಅದು ನುಂಗಿದ ಇಲಿಯ ಕರುಳಿನವು ಇರಬಹುದು. ಕಚ್ಚಿದ ಗಾಯ ಕೊಳೆಯುವುದರಲ್ಲಿ ವಿಷದ ಪಾಲು ದೊಡ್ಡದು, ನಾವು ಬ್ಲೇಡಿನಿಂದ ಕೊಯ್ದು ಹಚ್ಚುವ ಸೊಪ್ಪಿನ ಪಾಲು ಅದರ ನಂತರ, ಹಾವಿನ ಬಾಯಿಯ ಕೊಳಕಿನ ಪಾಲೂ ಒಂದಿಷ್ಟು.

ಕನ್ನಡದಲ್ಲಿ ಅತಿ ಪ್ರಸಿದ್ಧವಾದ ಸರೀಸೃಪ ಯಾವುದೆಂದರೆ ತೇಜಸ್ವಿಯವರ 'ಕರ್ವಾಲೋ'ದ ಹಾರುವ ಓತಿ. 1980ರಲ್ಲಿ ಬಂದ ಆ ಕಾದಂಬರಿ ಓದಿ ಓತಿ ಹುಡುಕಲು ಹೊರಟ ಹುಡುಗರಲ್ಲಿ ಕೆಲವರು ಮುಂದೆ ವಿಜ್ಞಾನಿಗಳಾದರೆ ಅಚ್ಚರಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಅವರ ತಂಡ ನಮ್ಮ ಬಂಡೆಗಳ ಮೇಲಿರುವ ಅದೇ ಬಂಡೆ ಓತಿಯನ್ನು ನಗರದಲ್ಲೂ ಹಳ್ಳಿಯಲ್ಲೂ ಹಿಡಿದು, ಒತ್ತಡದ ಹಾರ್ಮೋನು, ಬಿಳಿರಕ್ತಕಣ, ರೋಗನಿರೋಧಕ ಸಾಮರ್ಥ್ಯಗಳನ್ನು ಅಳೆದು 2018ರಲ್ಲಿ ಪ್ರಕಟಿಸಿತು. ಓತಿಕ್ಯಾತನ ಆರೋಗ್ಯ ಎಂಬ ಮಾತಿಗೆ ಕರ್ನಾಟಕದಲ್ಲಿ ಅರ್ಥ ಬಂದದ್ದು ಇಂಥ ಕೆಲಸದಿಂದ. ಇದು ಬೆಂಗಳೂರಿನ ಕಡೆಯ ಓತಿ. ಬಿಸಿಲಿನ ಅಂಚಿನಲ್ಲಿ ನಿಂತಿರುವುದು ರಾಯಚೂರಿನದು. ಇಲ್ಲಿ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜಿದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಮಣ್ಣಿನ ಬ್ಯಾಕ್ಟೀರಿಯಾ ಎಣಿಸುವ ಪ್ರಯೋಗಾಲಯಕ್ಕೆ ಹಿಕ್ಕೆಯ ಬ್ಯಾಕ್ಟೀರಿಯಾ ಎಣಿಸುವುದು ಹೊಸ ವಿದ್ಯೆಯೇನಲ್ಲ. ಅರಣ್ಯ ಇಲಾಖೆಯ ಅನುಮತಿಯ ಒಂದು ಕಾಗದ, ಕೂಡಿ ಕೂರುವ ಮನಸ್ಸು, ಇವೆರಡು ಬೇಕು.

ಆ ಹಾವು ಹಿಡಿಯುವ ಹುಡುಗನ ಬಳಿ ಇನ್ನೂರು ಪುಟದ ನೋಟ್‌ಬುಕ್ ಇದೆ. ತಾರೀಖು, ಊರು, ಯಾವ ಹಾವು, ಎಲ್ಲಿ ಬಿಟ್ಟದ್ದು ಎಂದು ನಾಲ್ಕು ಕಾಲಂ ಗೆರೆ ಎಳೆದಿದ್ದಾನೆ. ಪಂಚಮಿಯ ಹಾವು ಸತ್ತ ಮೇಲೆ ನಾವು ಐದನೆಯದು ಎಳೆಯಲು ಹೇಳಿದೆವು. ಚೀಲದಲ್ಲಿ ಹಿಕ್ಕೆ ಬಿದ್ದಿತ್ತೇ, ಅದರಲ್ಲಿ ಏನಿತ್ತು, ಹಿಡಿದಾಗ ಹಾವು ಏನಾದರೂ ಕಕ್ಕಿತೇ? "ಇದನ್ನ ಯಾರು ಓದ್ತಾರ್ರಿ?" ಎಂದು ನಕ್ಕ. ಆದರೂ ಎಳೆದ. ಮೊನ್ನೆ ನೋಡಿದಾಗ ಐದನೆಯ ಕಾಲಂನಲ್ಲಿ ಹನ್ನೊಂದು ಸಾಲು ತುಂಬಿತ್ತು. ಇಲಿ ಕೂದಲು ಏಳು ಸಲ, ಕಪ್ಪೆಯ ಎಲುಬು ಎರಡು ಸಲ, ಏನೂ ಇಲ್ಲ ಒಂದು ಸಲ, ಕೋಳಿ ಪುಕ್ಕ ಒಂದು ಸಲ. ದೇವದುರ್ಗ, ಮಾನ್ವಿ, ಸಿಂಧನೂರು ಕಡೆ ಹಾವು ಹಿಡಿಯುವ ಗೆಳೆಯರು ಇಂಥ ಕಾಲಂ ಇಡಲು ಸಿದ್ಧರಿದ್ದರೆ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಗೆರೆ ಹಾಕಿದ ನೋಟ್‌ಬುಕ್ ನಾವು ಕಳಿಸುತ್ತೇವೆ.